ಸಹಾಯ ಬೇಕು: ಮಲೇರಿಯಾ ಔಷಧ ನಿರೋಧಕತೆ ಮತ್ತು ಪೈಲಿನ್ ಪ್ರದೇಶದ ಕುರಿತು

ಎಲ್ಲರಿಗೂ ನಮಸ್ಕಾರ. ಪದವಿ ವಿದ್ಯಾರ್ಥಿಗಳಿಗಾಗಿ ಮಲೇರಿಯಾದ ಔಷಧ ನಿರೋಧಕತೆಯನ್ನು ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಬಲ್ಲವರ ನೆರವು ಬೇಕಾಗಿದೆ.

ಥಾಯ್ಲೆಂಡ್ ಗಡಿಗೆ ಹೊಂದಿಕೊಂಡಿರುವ ಕಾಂಬೋಡಿಯಾದ ಪೈಲಿನ್ ಸುತ್ತಮುತ್ತ, 1950ರ ದಶಕದ ಕೊನೆಯಲ್ಲಿ ಕ್ಲೋರೋಕ್ವಿನ್, ಬಳಿಕ ಸಲ್ಫಾಡಾಕ್ಸಿನ್-ಪೈರಿಮೆಥಮಿನ್, ಈ ಶತಮಾನದಲ್ಲಿ ಆರ್ಟೆಮಿಸಿನಿನ್, ಹೀಗೆ ಒಂದರ ಹಿಂದೊಂದು ಔಷಧಕ್ಕೆ ಮಲೇರಿಯಾ ತರುವ ಫಾಲ್ಸಿಪಾರಂ ಪರಾವಲಂಬಿ ಜಗ್ಗದಂತಾಯಿತು. ರತ್ನದ ಗಣಿಗಳಿಗೆ ಬಂದು ಹೋಗುತ್ತಿದ್ದ ವಲಸೆ ಕಾರ್ಮಿಕರು, ಅಡುಗೆ ಉಪ್ಪಿನಲ್ಲೇ ಔಷಧ ಬೆರೆಸಿ ಹಂಚಿದ ಅಂದಿನ ಕಾರ್ಯಕ್ರಮ (ಇಂದು ಓದಿದರೆ ನಂಬುವುದೇ ಕಷ್ಟ), ಜೊತೆ ಔಷಧವಿಲ್ಲದೆ ಮಾರಾಟವಾದ ಆರ್ಟೆಮಿಸಿನಿನ್ ಮಾತ್ರೆಗಳು, ಇವೆಲ್ಲ ಕಾರಣಗಳೆಂದು ಓದಿದ್ದೇನೆ. ಇವುಗಳಲ್ಲಿ ಯಾವುದಕ್ಕೆ ಹೆಚ್ಚು ತೂಕ ಕೊಡಬೇಕೆಂಬುದನ್ನು ಸೋಂಕುರೋಗ ಅಥವಾ ಸಾರ್ವಜನಿಕ ಆರೋಗ್ಯ ಕ್ಷೇತ್ರದವರು ಯಾರಾದರೂ ವಿವರಿಸುವಿರಾ? ಪರಾವಲಂಬಿಯ ಕೆ13 ವಂಶವಾಹಿಯಲ್ಲಾಗುವ ಬದಲಾವಣೆಯೇ ಆರ್ಟೆಮಿಸಿನಿನ್ ನಿರೋಧಕತೆಯ ಗುರುತೆಂದು 2014ರಲ್ಲಿ ತಿಳಿದುಬಂದ ಸಂಗತಿಯನ್ನು ಬರೆದು ಮುಗಿಸಿದ್ದೇನೆ, ಅದರಲ್ಲಿ ತೊಡಕಿಲ್ಲ.

ಮತ್ತೊಂದು ಕೋರಿಕೆ ಲ್ಯಾಬ್ ಟೆಕ್ನಿಷಿಯನ್ನರಲ್ಲಿ. ಚಿಕಿತ್ಸೆ ಆರಂಭವಾದ ಮೂರನೆಯ ದಿನವೂ ರಕ್ತದ ಸ್ಲೈಡ್‌ನಲ್ಲಿ ಪರಾವಲಂಬಿ ಉಳಿದಿರುವುದು ಭಾಗಶಃ ನಿರೋಧಕತೆಯ ಸುಳಿವಾಗಿರಬಹುದಾದ್ದರಿಂದ, ಆ ಎಣಿಕೆಯನ್ನು ಬಿಳಿ ರಕ್ತಕಣಗಳ ಲೆಕ್ಕಕ್ಕೆ ಹೋಲಿಸಿ ಹೇಗೆ ಮಾಡುತ್ತೀರಿ ಎಂಬುದನ್ನು ಹಂತಹಂತವಾಗಿ ತಿಳಿಸಿದರೆ ಉಪಕಾರವಾಗುತ್ತದೆ. 2013ರಲ್ಲಿ ಭಾರತದ ಈಶಾನ್ಯ ರಾಜ್ಯಗಳಿಗೆ ಆರ್ಟೆಮೀಥರ್-ಲೂಮೆಫ್ಯಾಂಟ್ರಿನ್ ಎಂಬ ಜೋಡಿ ಔಷಧ ನಿಗದಿಯಾದ ಮೇಲೆ ಅಲ್ಲಿ ಕೆಲಸ ಮಾಡಿದ ಕನ್ನಡಿಗರಿದ್ದರೆ ಅವರ ಅನುಭವವೂ ಬೇಕು. ರೋಗಿಗಳ ಹೆಸರು, ವಿವರ ದಯವಿಟ್ಟು ಬೇಡ.