ಜಾಕೆಟ್ ಒಳಗೂ ಒದ್ದೆ, ಬೂಟ್ ತುಂಬ ನೀರು: ಮಳೆಗಾಲದ ಚಾರಣಕ್ಕೆ ಏನು ತಗೊಳ್ಳಬೇಕು?

ಬನಶಂಕರಿ ಚಾರಣಿ:

ಎಲ್ಲರಿಗೂ ನಮಸ್ಕಾರ. ಜುಲೈ ಮೊದಲ ವಾರ ನಾವು ಐದು ಜನ ಕುದುರೆಮುಖ ಹತ್ತಿ ಬಂದೆವು. ಆರಿದ್ರಾ ಮಳೆ, ಇಡೀ ದಿನ ಒಂದು ಗಳಿಗೆಯೂ ಬಿಡಲಿಲ್ಲ. ಮಳೆಗೆಂದೇ 6,000 ರೂಪಾಯಿ ಕೊಟ್ಟು ಜಾಕೆಟ್ ತಗೊಂಡಿದ್ದೆ. ಅದರ ಚೀಟಿಯಲ್ಲಿ 10,000 ಮಿಲಿಮೀಟರ್ ವಾಟರ್‌ಪ್ರೂಫ್ ಅಂತ ಬರೆದಿದೆ. ಬೂಟ್ ಕೂಡ ವಾಟರ್‌ಪ್ರೂಫ್, ಪಾದದ ಗಂಟು ಮುಚ್ಚುವಷ್ಟು ಎತ್ತರದ್ದು.

ಮುಳ್ಳೋಡಿಯಿಂದ ಹೊರಟು ಒಂದು ಗಂಟೆಯೊಳಗೆ ಜಾಕೆಟ್ ಒಳಗೆಲ್ಲ ಒದ್ದೆ. ಎರಡನೇ ಹಳ್ಳ ದಾಟುವಷ್ಟರಲ್ಲಿ ಬೂಟ್ ತುಂಬ ನೀರು. ಆಮೇಲೆ ಪ್ರತಿ ಹೆಜ್ಜೆಗೂ ಪಚಪಚ. ಮೇಲೆ ಬೋಳುಗುಡ್ಡದ ಗಾಳಿಗೆ ನಿಂತಾಗ ತಂಗಿಯ ತುಟಿ ನೀಲಿಯಾಗಿದ್ದು ನೋಡಿ ನಿಜಕ್ಕೂ ಹೆದರಿದೆ. ಬೇಗ ಇಳಿದು ಬಂದೆವು.

ಅಂಗಡಿಯವರು ಜಾಕೆಟ್ ತಿರುಗಿಸಿ ನೋಡಿ, ಇದರಲ್ಲಿ ದೋಷ ಇಲ್ಲ ಅಂದರು. ಆಗಸ್ಟ್‌ನಲ್ಲಿ ಕೊಡಚಾದ್ರಿಗೆ ಹೋಗುವುದಿದೆ. 20,000 ಅಂತ ಬರೆದಿರುವ ದುಬಾರಿ ಜಾಕೆಟ್ ತಗೊಂಡರೆ ಸರಿಹೋಗುತ್ತದಾ? ಬೂಟ್ ಬದಲಾಯಿಸಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕಳಸದ ತೋಟದವನು:

ಮೇಡಂ, ದುಡ್ಡು ಖರ್ಚು ಮಾಡುವ ಮೊದಲು ನಾಲ್ಕು ವಿಷಯ ಹೇಳಿ. ಮೊದಲು ಒದ್ದೆ ಆಗಿದ್ದು ಎಲ್ಲಿ, ಭುಜವೋ ಬೆನ್ನೋ? ಒಳಗೆ ಏನು ಹಾಕಿದ್ದಿರಿ? ಮಳೆ ಬಿದ್ದಾಗ ಹೊರಗಿನ ಬಟ್ಟೆಯ ಮೇಲೆ ನೀರು ಹನಿಹನಿಯಾಗಿ ಜಾರುತ್ತಿತ್ತಾ, ಇಲ್ಲ ಬಟ್ಟೆಯೇ ನೆನೆದು ಕಪ್ಪಗೆ ಕಾಣುತ್ತಿತ್ತಾ? ಇಲ್ಲಿಯವರೆಗೆ ಜಾಕೆಟ್ ಒಗೆದಿದ್ದು ಹೇಗೆ?

ಬನಶಂಕರಿ ಚಾರಣಿ:

ಮೊದಲು ಬೆನ್ನು, ಕಂಕುಳು, ಮೊಣಕೈ. ಎರಡು ಗಂಟೆ ಆದಮೇಲೆ ಭುಜ. ಒಳಗೆ ಹತ್ತಿಯ ಟೀ ಶರ್ಟ್. ಅರ್ಧ ಗಂಟೆಗೇ ಹೊರಗಿನ ಬಟ್ಟೆ ಕಪ್ಪಾಗಿತ್ತು, ಹನಿ ನಿಲ್ಲಲಿಲ್ಲ. ಸ್ಕೂಟರ್‌ಗೂ ಅದೇ ಜಾಕೆಟ್ ಹಾಕುತ್ತೇನೆ. ಹಾಗಾಗಿ ಮೂರು ನಾಲ್ಕು ಸಲ ಮೆಷಿನ್‌ಗೆ ಹಾಕಿದ್ದೇನೆ, ಮಾಮೂಲಿ ಪೌಡರ್, ಜೊತೆಗೆ ಬಟ್ಟೆ ಮೃದು ಮಾಡುವ ಲಿಕ್ವಿಡ್.

ಕಳಸದ ತೋಟದವನು:

ಹಾಗಾದರೆ ಮೊದಲ ಒಂದು ಗಂಟೆಯ ಒದ್ದೆ ಮಳೆಯದ್ದಲ್ಲ, ನಿಮ್ಮ ಬೆವರಿನದ್ದು. ಬೆನ್ನು, ಕಂಕುಳು ಮೊದಲು ನೆನೆದಿದ್ದೇ ಸಾಕ್ಷಿ. ಮಳೆ ಒಳಗೆ ಬಂದಿದ್ದರೆ ಭುಜ ಮೊದಲು ನೆನೆಯಬೇಕಿತ್ತು. ಬ್ಯಾಗ್ ಹೊತ್ತು ಏರುವಾಗ ಗಂಟೆಗೆ ಅರ್ಧ ಲೀಟರ್ ಬೆವರುವುದು ದೊಡ್ಡ ಮಾತಲ್ಲ. ಅದು ಹೊರಗೆ ಹೋಗಲು ದಾರಿ ಬೇಕಲ್ವಾ?

ಒಳ್ಳೆಯ ಜಾಕೆಟ್‌ನ ಹೊರಬಟ್ಟೆಯ ಒಳಮಗ್ಗುಲಿಗೆ ಒಂದು ತೆಳುಪೊರೆ ಅಂಟಿಸಿರುತ್ತಾರೆ. 1976ರಿಂದ ಮಾರಾಟದಲ್ಲಿರುವ ಗೋರ್‌ಟೆಕ್ಸ್ ಇದೇ ಜಾತಿಯದು. ಪೊರೆಯ ತೂತುಗಳಲ್ಲಿ ನೀರಿನ ಹನಿ ತೂರುವುದಿಲ್ಲ, ಆವಿ ತೂರುತ್ತದೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಒಳಗಿಗಿಂತ ಹೊರಗಿನ ಗಾಳಿ ತಂಪಾಗಿ, ಒಣಗಿ ಇರಬೇಕು. ಜುಲೈಯಲ್ಲಿ ನಮ್ಮ ಕಾಡಿನೊಳಗೆ ಗಾಳಿಯೇ ನೀರು ಕುಡಿದು ಕೂತಿರುತ್ತದೆ. ಆವಿ ಎಲ್ಲಿಗೆ ಹೋಗಬೇಕು? ಒಳಗೇ ತಣಿದು ನೀರಾಗುತ್ತದೆ.

ಇನ್ನು ಆ 10,000 ಅಂದರೆ, ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ 10 ಮೀಟರ್ ಎತ್ತರದವರೆಗೆ ಒಳಗೆ ಜಿನುಗಲಿಲ್ಲ ಅಂತ ಅರ್ಥ. ಬೀಳುವ ಮಳೆಗೆ ಅದು ಧಾರಾಳವಾಗಿ ಸಾಕು. 20,000 ಆದರೆ ಬ್ಯಾಗಿನ ಪಟ್ಟಿ ಒತ್ತುವ ಕಡೆ, ಕೂತು ಏಳುವ ಕಡೆ ಸ್ವಲ್ಪ ಜಾಸ್ತಿ ಭದ್ರ. ನಿಮ್ಮ ಬೆವರಿಗೆ ಆ ಅಂಕಿಯಿಂದ ಏನೂ ಆಗುವುದಿಲ್ಲ. ನಮ್ಮ ಮಳೆಗೆ ನೀವು ನೋಡಬೇಕಾದ್ದು ಕಂಕುಳಲ್ಲಿ ಜಿಪ್ ಇದೆಯಾ ಅಂತ. ಉದ್ದದ ಜಿಪ್, ತೆಗೆದರೆ ಗಾಳಿ ಆಡುವಂಥದ್ದು. ಅದರ ಜೊತೆಗೆ ಟೋಪಿಗೆ ಗಟ್ಟಿ ಅಂಚು, ಮಣಿಕಟ್ಟು ಬಿಗಿಯುವ ಪಟ್ಟಿ, ಎಲ್ಲ ಹೊಲಿಗೆಯ ಮೇಲೂ ಒಳಗಿನಿಂದ ಟೇಪು. ಟೇಪು ಇಲ್ಲದ ಜಾಕೆಟ್ ಎಷ್ಟೇ ಅಗ್ಗ ಇರಲಿ, ಬೇಡ. ಸೂಜಿಯ ಒಂದೊಂದು ತೂತಿನಲ್ಲೂ ನೀರು ಇಳಿಯುತ್ತದೆ.

ನಮ್ಮ ಅಜ್ಜಿಯವರು ನಾಟಿಗೆ ಗೊರಬು ಹಾಕಿಕೊಂಡು ಹೋಗುತ್ತಿದ್ದರು. ಬಿದಿರಿನ ಹಂದರ, ಮೇಲೆ ಎಲೆ. ಬೆನ್ನಿಗೂ ಗೊರಬಿಗೂ ನಡುವೆ ಗಾಳಿ ಆಡುತ್ತದೆ, ಮೈಗೆ ಅಂಟುವುದಿಲ್ಲ. ಇಡೀ ದಿನ ಬಗ್ಗಿ ದುಡಿದರೂ ಬೆನ್ನು ಬೆಚ್ಚಗೆ ಇರುತ್ತಿತ್ತು. ಅಜ್ಜನದು ಕಂಬಳಿ ಕೊಪ್ಪೆ. ಉಣ್ಣೆ ನೆನೆದರೂ ಚಳಿಯನ್ನು ಒಳಗೆ ಬಿಡುವುದಿಲ್ಲ. ನಾನು ಈಗಲೂ ಜಾಕೆಟ್ ಆರಿಸುವಾಗ ಇದನ್ನೇ ನೆನಪಿಟ್ಟುಕೊಳ್ಳುತ್ತೇನೆ. ಗಾಳಿ ಆಡಬೇಕು, ನೆನೆದರೂ ಬೆಚ್ಚಗಿರಬೇಕು.

ಅದಕ್ಕೇ ಹತ್ತಿಯ ಟೀ ಶರ್ಟ್ ಬಿಡಿ. ಹತ್ತಿ ನೀರು ಹಿಡಿದುಕೊಂಡು ಮೈ ಬಿಸಿಯನ್ನೆಲ್ಲ ಎಳೆಯುತ್ತದೆ. ಕುದುರೆಮುಖದ ತುದಿ 1,894 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪು, ಅದರ ಮೇಲೆ ಗಾಳಿ. ತಂಗಿಯ ತುಟಿ ನೀಲಿಯಾಗಿದ್ದು ಇದರಿಂದಲೇ ಇರಬೇಕು. ಇದನ್ನು ಸಣ್ಣದು ಅಂದುಕೊಳ್ಳಬೇಡಿ, ಇಳಿದಿದ್ದು ಒಳ್ಳೆಯದಾಯಿತು. ಮೈಗೆ ತೆಳ್ಳಗಿನ ಪಾಲಿಯೆಸ್ಟರ್, ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಂದು ಒಣ ಫ್ಲೀಸ್, ಅಂದರೆ ಬೆಚ್ಚನೆಯ ಮೆತ್ತನೆ ಮೇಲಂಗಿ. ತುದಿಯಲ್ಲಿ ನಿಲ್ಲುವ ಮೊದಲೇ ಅದನ್ನು ಹಾಕಿಕೊಳ್ಳಿ. ಬ್ಯಾಗಿನ ಮೇಲಿನ ಕವರ್ ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ.

ಭುಜ ನೆನೆದಿದ್ದು ಮಾತ್ರ ಬೇರೆ ಸಮಸ್ಯೆ. ಅದಕ್ಕೊಂದು ಪರೀಕ್ಷೆ ಮಾಡಿ. ಬಕೆಟ್ ಬಾಯಿಗೆ ಜಾಕೆಟ್‌ನ ಭುಜದ ಭಾಗ ಹಾಸಿ ಗುಳಿ ಮಾಡಿ. ಎರಡು ಚೊಂಬು ನೀರು ಹುಯ್ಯಿರಿ. ಅರ್ಧ ಗಂಟೆ ಬಿಟ್ಟು ಕೆಳಗೆ ನೋಡಿ. ಆಮೇಲೆ ಬೆನ್ನಿನ ನಡುಭಾಗಕ್ಕೂ ಹಾಗೇ ಮಾಡಿ.

ಗ್ಲಾಸ್ಗೋ ಕನ್ನಡಿಗ:

ತೋಟದವರು ಹೇಳಿದ್ದು ನೂರಕ್ಕೆ ನೂರು ನಿಜ, ಉಲ್ಟಾ ಕಡೆಯಿಂದ ನಾನೂ ಕಲಿತೆ. ಇಲ್ಲಿ ಸ್ಕಾಟ್ಲೆಂಡ್ ಬೆಟ್ಟಗಳಲ್ಲಿ ಮಳೆ ಬರುವಾಗ ಹೊರಗೆ ಎಂಟೋ ಹತ್ತೋ ಡಿಗ್ರಿ. ಪೊರೆಯ ಜಾಕೆಟ್, ಪೊರೆಯ ಬೂಟ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಯಾಕೆಂದರೆ ಮೈಗೂ ಹೊರಗೂ ಅಷ್ಟು ವ್ಯತ್ಯಾಸ ಇರುತ್ತದೆ. ಅದೇ ಜಾಕೆಟ್ ಆಗುಂಬೆಗೆ ತಂದಾಗ ಬೆವರಿ ತೊಪ್ಪೆಯಾದೆ. ಇಂಗ್ಲೆಂಡಿನಲ್ಲಿ ತುಂಬ ಮಳೆಯ ಊರು ಅಂತ ಹೆಸರಾದ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಸ್ವಲ್ಪ ಮೇಲೆ. ಆಗುಂಬೆಗೆ 7,000 ದಾಟುತ್ತದೆ, ಅದೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಇಂಗ್ಲಿಷ್ ವಿಡಿಯೋಗಳಲ್ಲಿ ಹೊಗಳುವ ಬಟ್ಟೆಯೆಲ್ಲ ಆ ತಣ್ಣನೆ ಸಣ್ಣ ಮಳೆಗೆ ಮಾಡಿದ್ದು. ಅದನ್ನು ನೋಡಿ ಊರಿನ ಮಳೆಗೆ ಕೊಳ್ಳಬೇಡಿ.

ಬನಶಂಕರಿ ಚಾರಣಿ:

ಪರೀಕ್ಷೆ ಮಾಡಿದೆ. ಬೆನ್ನಿನ ಬಟ್ಟೆಯಲ್ಲಿ ಒಂದು ಹನಿಯೂ ಇಳಿಯಲಿಲ್ಲ. ಬಲಭುಜದ ಹೊಲಿಗೆಯಲ್ಲಿ 20 ನಿಮಿಷಕ್ಕೆ ತೊಟ್ಟಿಕ್ಕಿತು. ಒಳಗೆ ನೋಡಿದರೆ ಅಲ್ಲಿ ಎರಡು ಇಂಚಿನಷ್ಟು ಟೇಪು ಎದ್ದಿದೆ. ಎಸೆಯಬೇಕಾ?

ಹುಬ್ಬಳ್ಳಿ ಟೆಂಟ್ ರಿಪೇರಿ:

ಖಂಡಿತ ಎಸೆಯಬೇಡಿ ಅಕ್ಕ. ನಾನು ಟೆಂಟು, ಬ್ಯಾಗು, ರೇನ್‌ಕೋಟ್ ರಿಪೇರಿ ಮಾಡುತ್ತೇನೆ. ಎದ್ದ ಟೇಪನ್ನು ಮೆಲ್ಲಗೆ ಬಿಡಿಸಿ, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಆರಲು ಬಿಡಿ. ಆಮೇಲೆ ಹೊಲಿಗೆ ಮೇಲೆ ಸೀಮ್ ಸೀಲರ್ ಅಂಟು ತೆಳ್ಳಗೆ ಹಚ್ಚಿ ಒಂದು ರಾತ್ರಿ ಬಿಡಿ. ದರ್ಜಿ ಹತ್ತಿರ ಕೊಟ್ಟು ಹೊಲಿಸಬೇಡಿ, ಹೊಸ ತೂತು ಬೀಳುತ್ತದೆ.

ಹೊರಗಿನ ಬಟ್ಟೆ ಕಪ್ಪಾಗುವುದಕ್ಕೆ ಕಾರಣ ನಿಮ್ಮ ಸೋಪು. ಹೊಸ ಜಾಕೆಟ್‌ನ ಮೇಲ್ಮೈಗೆ ನೀರು ಜಾರುವ ಲೇಪ ಇರುತ್ತದೆ, ಕೆಸುವಿನ ಎಲೆ ಮೇಲಿನ ಹನಿ ಹಾಗೆ. ಸೋಪಿನ ಪುಡಿ ಬಟ್ಟೆಯಲ್ಲಿ ಉಳಿದರೆ ನೀರನ್ನು ಎಳೆದುಕೊಳ್ಳುತ್ತದೆ. ಮೃದು ಮಾಡುವ ಲಿಕ್ವಿಡ್ ಅಂತೂ ಲೇಪವನ್ನೇ ಮುಚ್ಚಿಬಿಡುತ್ತದೆ. ಬಟ್ಟೆ ನೆನೆದ ಮೇಲೆ ಪೊರೆ ಸರಿಯಿದ್ದರೂ ಆವಿ ಹೊರಗೆ ಹೋಗುವುದಿಲ್ಲ. ಬರೀ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ. ನಿಕ್‌ವ್ಯಾಕ್ಸ್ ಥರದ, ಜಾಕೆಟ್‌ಗೆಂದೇ ಮಾಡಿದ ಸೋಪು ಸಿಕ್ಕರೆ ಒಳ್ಳೆಯದು. ಒಣಗಿದ ಮೇಲೆ ಚೀಟಿಯಲ್ಲಿ ಇಸ್ತ್ರಿ ಮಾಡಬಹುದು ಅಂತ ಇದ್ದರೆ ಮಾತ್ರ, ಮೇಲೊಂದು ತೆಳು ಬಟ್ಟೆ ಹಾಸಿ, ಹಬೆ ಇಲ್ಲದೆ, ಕಡಿಮೆ ಬಿಸಿಯಲ್ಲಿ ಒಂದು ಸಲ ಆಡಿಸಿ. ಬಿಸಿಗೆ ಹಳೆಯ ಲೇಪ ಮತ್ತೆ ಚುರುಕಾಗುತ್ತದೆ. ಆಗಲೂ ಹನಿ ನಿಲ್ಲದಿದ್ದರೆ ನೀರು ಜಾರುವ ಲೇಪದ ಸ್ಪ್ರೇ ಹೊಡೆಯಬೇಕು.

ಇನ್ನೊಂದು, ಇಂಬಳಕ್ಕೆ (ಜಿಗಣೆಗೆ) ಅಂತ ಕೈಕಾಲಿಗೆ ಎಣ್ಣೆ ಬಳಿದುಕೊಂಡು ಅದೇ ಕೈಯಲ್ಲಿ ಜಾಕೆಟ್ ಹಾಕಿಕೊಳ್ಳುವವರು ಬಹಳ. ಎಣ್ಣೆ ತಾಗಿದ ಕಡೆ ನೀರು ಜಾರುವುದು ನಿಲ್ಲುತ್ತದೆ. ಈಗಿನ ಫ್ಲೋರಿನ್ ಇಲ್ಲದ ಲೇಪಗಳು ಎಣ್ಣೆಗೆ ಇನ್ನೂ ಸೂಕ್ಷ್ಮ.

ಒಳಮೈ ಅಂಟಂಟಾಗಿ ಸಿಪ್ಪೆಯ ಹಾಗೆ ಉದುರುತ್ತಿದ್ದರೆ ಮಾತ್ರ ರಿಪೇರಿ ಇಲ್ಲ, ಆ ಜಾಕೆಟ್ ಮುಗಿಯಿತು. ನಿಮ್ಮದು ಹಾಗಾಗಿಲ್ಲ ಅಂದುಕೊಂಡಿದ್ದೇನೆ.

ಮಡಿಕೇರಿ ಅಕ್ಕ:

ಬೂಟಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ತಡಿಯಂಡಮೋಳ್ ಕಡೆ ಇಪ್ಪತ್ತು ಮಳೆಗಾಲ ನಡೆದಿದ್ದೇನೆ.

ನಿನ್ನ ಬೂಟ್ ಸೋರಿಲ್ಲ ತಂಗಿ. ಮೇಲಿನಿಂದ ತುಂಬಿದೆ. ವಾಟರ್‌ಪ್ರೂಫ್ ಬೂಟ್ ಅಂದರೆ ಒಳಗೆ ಒಂದು ಚೀಲ ಇದ್ದ ಹಾಗೆ. ಹೊರಗಿನ ನೀರು ಬರುವುದಿಲ್ಲ, ಆದರೆ ಹಳ್ಳದ ನೀರು ಮಂಡಿಗೆ ಬಂದರೆ ಮೇಲಿನ ಬಾಯಿಂದ ಒಳಗೆ ಹೋಗುತ್ತದೆ. ಹೋದ ನೀರು ಅಲ್ಲೇ ಉಳಿಯುತ್ತದೆ. ಪ್ಯಾಂಟನ್ನು ಬೂಟಿನೊಳಗೆ ತುರುಕಿದ್ದರೆ ಇನ್ನೂ ಕಷ್ಟ, ಕಾಲಿಂದ ಇಳಿದ ಮಳೆ ನೀರೆಲ್ಲ ನೇರ ಒಳಗೆ. ಕಾಫಿ ತೋಟದಲ್ಲಿ ನಾವು ಗಮ್‌ಬೂಟ್ ಹಾಕುತ್ತೇವೆ, ಅದು ತೋಟಕ್ಕೆ ಸರಿ. ಬೆಟ್ಟ ಇಳಿಯುವಾಗ ಕಾಲು ಒಳಗೇ ಜಾರುತ್ತದೆ.

ನಮ್ಮ ಘಟ್ಟದ ಮಳೆಗಾಲಕ್ಕೆ ನೀರು ಒಳಗೆ ಬಂದರೂ ಬೇಗ ಹೊರಗೆ ಹೋಗುವ ಶೂ ಬೇಕು. ಜಾಲರಿ ಬಟ್ಟೆಯದ್ದು, ಒಳಗೆ ದಪ್ಪ ಸ್ಪಂಜ್ ಇಲ್ಲದ್ದು. ಹಳ್ಳ ದಾಟಿ ಇಪ್ಪತ್ತು ಹೆಜ್ಜೆ ಹಾಕಿದರೆ ನೀರೆಲ್ಲ ಹಿಂಡಿಹೋಗಬೇಕು. ಕಾಲು ಒದ್ದೆ ಇರುತ್ತದೆ, ಇರಲಿ. ನಡೆಯುವ ಕಾಲು ಬೆಚ್ಚಗೇ ಇರುತ್ತದೆ. ಹಿಮಾಲಯದ ಹಿಮಕ್ಕೆ ಹೋಗುವಾಗ ನಿನ್ನ ಈಗಿನ ಬೂಟ್ ಹಾಕು, ಅದು ಅಲ್ಲಿಗೆ ಸರಿಯಾದದ್ದು.

ದುಡ್ಡು ಹಾಕಬೇಕಾದ್ದು ಅಟ್ಟೆಗೆ. ಹಲ್ಲು ನಾಲ್ಕೈದು ಮಿಲಿಮೀಟರ್ ಆಳ ಇರಲಿ, ಒಂದಕ್ಕೊಂದು ದೂರ ಇರಲಿ, ಇಲ್ಲದಿದ್ದರೆ ಕೆಸರು ಮೆತ್ತಿಕೊಂಡು ಅಟ್ಟೆ ಸಪಾಟಾಗುತ್ತದೆ. ರಬ್ಬರನ್ನು ಉಗುರಿನಿಂದ ಒತ್ತಿ ನೋಡು. ಸ್ವಲ್ಪ ಮೆತ್ತಗಿದ್ದರೆ ಒದ್ದೆ ಕಲ್ಲಿನ ಮೇಲೆ ಹಿಡಿಯುತ್ತದೆ, ಬೇಗ ಸವೆಯುತ್ತದೆ ಅಷ್ಟೇ. ಪಾಚಿ ಹಿಡಿದ ಬಂಡೆ ಮೇಲೆ ಯಾವ ಅಟ್ಟೆಯೂ ನಿಲ್ಲುವುದಿಲ್ಲ. ಅಲ್ಲಿ ಒಂದು ಕೋಲೇ ಗತಿ.

ಶೂ ಕೊಳ್ಳಲು ಸಂಜೆ ಹೋಗು, ಆಗ ಕಾಲು ಸ್ವಲ್ಪ ಊದಿರುತ್ತದೆ. ಚಾರಣದ ಸಾಕ್ಸ್ ಹಾಕಿಕೊಂಡೇ ನೋಡು. ಲೇಸ್ ಕಟ್ಟದೆ ಬೆರಳನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹಿಡಿಸಬೇಕು. ಅಂಗಡಿಯಲ್ಲಿ ಇಳಿಜಾರು ಇದ್ದರೆ ಇಳಿದು ನೋಡು. ಬೆರಳು ಮುಂದೆ ತಾಗಿದರೆ ಬೇಡ, ಕೊಡಚಾದ್ರಿ ಇಳಿಯುವಷ್ಟರಲ್ಲಿ ಉಗುರು ಕಪ್ಪಾಗುತ್ತದೆ.

ಇಂಬಳಕ್ಕೆ ಮಂಡಿಯವರೆಗೆ ಬರುವ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಸಿಗುತ್ತದೆ, ಮಾಮೂಲಿ ಸಾಕ್ಸ್ ಮೇಲೆ ಹಾಕಿ ಆಮೇಲೆ ಶೂ. ಪ್ಯಾಂಟನ್ನು ಅದರೊಳಗೆ ತುರುಕಬಹುದು. ರಾತ್ರಿಗೆ ಒಂದು ಜೊತೆ ಒಣ ಸಾಕ್ಸ್ ಎತ್ತಿಟ್ಟಿರು. ಬೆಳಿಗ್ಗೆ ಒದ್ದೆಯದ್ದನ್ನೇ ಮತ್ತೆ ಹಾಕು, ಒಣಗಿದ್ದನ್ನು ಹಾಳು ಮಾಡಬೇಡ. ಶೂ ಒಳಗೆ ಪೇಪರ್ ತುರುಕಿ ಗಂಟೆಗೊಮ್ಮೆ ಬದಲಾಯಿಸು. ಬಚ್ಚಲ ಒಲೆ ಮುಂದೆ ಇಡಬೇಡ, ಅಂಟು ಬಿಡುತ್ತದೆ.

ಬನಶಂಕರಿ ಚಾರಣಿ:

ಎಲ್ಲರಿಗೂ ವರದಿ. ಆಶ್ಲೇಷ ಮಳೆಯಲ್ಲೇ ಕೊಡಚಾದ್ರಿಗೆ ಹೋಗಿ ಬಂದೆವು. ಜಲಪಾತದ ಕಡೆಯ ದಾರಿ ಮುಚ್ಚಿತ್ತು, ಜೀಪ್ ದಾರಿಯಲ್ಲೇ ನಡೆದೆವು. ಹೊಸ ಜಾಕೆಟ್ ತಗೊಳ್ಳಲಿಲ್ಲ. ಭುಜಕ್ಕೆ ಸೀಲರ್ ಹಚ್ಚಿದೆ, ಸೋಪೆಲ್ಲ ಹೋಗುವವರೆಗೆ ಜಾಲಿಸಿದೆ, ಸ್ಪ್ರೇ ಹೊಡೆದೆ. ಹನಿ ಮತ್ತೆ ಜಾರುತ್ತಿದೆ. ಕಂಕುಳ ಜಿಪ್ ನನ್ನ ಜಾಕೆಟ್‌ಗೆ ಇಲ್ಲ. ಹಾಗಾಗಿ ಏರುವಾಗ ಮುಂದಿನ ಜಿಪ್ ಅರ್ಧ ತೆಗೆದು ಮೆಲ್ಲಗೆ ನಡೆದೆ. ಒಳಗೆ ಸ್ವಲ್ಪ ತೇವ ಇತ್ತು, ತೊಪ್ಪೆ ಆಗಲಿಲ್ಲ. ಮೇಲೆ ಒಣ ಫ್ಲೀಸ್ ಹಾಕಿದ ತಂಗಿ ಗಾಳಿಯಲ್ಲಿ ನಿಂತು ಆರಾಮಾಗಿ ಕಾಫಿ ಕುಡಿದಳು. ಜಾಲರಿ ಶೂ ಅಂತೂ ಅಕ್ಕ ಹೇಳಿದ ಹಾಗೇ.

ಒಂದು ಪ್ರಶ್ನೆ ಉಳಿದಿದೆ. ಜೊತೆಗೆ ಬಂದ ಗೆಳತಿಯ ಬೂಟ್ ಆರು ವರ್ಷ ಹಳೆಯದು, ಹಾಕಿದ್ದು ನಾಲ್ಕೇ ಸಲ. ಅರ್ಧ ದಾರಿಯಲ್ಲಿ ಅಟ್ಟೆ ಪೂರ್ತಿ ಕಿತ್ತುಬಂತು. ಹಗ್ಗದಲ್ಲಿ ಕಟ್ಟಿ ಇಳಿಸಿದೆವು. ಹೊಸದರ ಹಾಗಿತ್ತಲ್ಲ, ಯಾಕೆ ಹೀಗಾಯ್ತು?

ಹುಬ್ಬಳ್ಳಿ ಟೆಂಟ್ ರಿಪೇರಿ:

ಹಾಕದೆ ಇಟ್ಟಿದ್ದೇ ಕಾರಣ ಇರಬೇಕು. ಅಟ್ಟೆಯ ನಡುವಿನ ಮೆತ್ತನೆ ಪದರ ಪಾಲಿಯೂರಿಥೇನ್‌ನದ್ದಾಗಿದ್ದರೆ ಗಾಳಿಯ ತೇವ ವರ್ಷಗಟ್ಟಲೆ ಅದನ್ನು ಒಳಗಿಂದ ಮುರಿಯುತ್ತದೆ, ಮುಚ್ಚಿದ ಡಬ್ಬದಲ್ಲಿದ್ದರೆ ಇನ್ನೂ ಬೇಗ. ಹೊರಗೆ ಏನೂ ಗೊತ್ತಾಗುವುದಿಲ್ಲ. ಹಳೆಯ ಬೂಟ್ ತೆಗೆದಾಗ ಆ ಪದರವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಪಾದ ಬಗ್ಗಿಸಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಬೆಟ್ಟಕ್ಕೆ ತರಬೇಡಿ. ಇವಿಎ ಅನ್ನುವ ಇನ್ನೊಂದು ಥರದ ಫೋಮ್ ಪದರದ್ದಾದರೆ ಈ ತೊಂದರೆ ಇಲ್ಲ. ಗೆಳತಿಯ ಬೂಟಿನ ಮೇಲ್ಭಾಗ ಗಟ್ಟಿ ಇದ್ದರೆ ಹೊಸ ಅಟ್ಟೆ ಹಾಕಿಸಬಹುದು. ಫೋಟೋ ಹಾಕಿ, ನೋಡಿ ಹೇಳುತ್ತೇನೆ.