ಐದು ದಿನದೊಳಗೆ ಒಂದು ಹಡಗು: ಲಿಬರ್ಟಿ ಹಡಗುಗಳನ್ನು ಹೊಗಳಬೇಕೋ ಬೇಡವೋ?

ಬಂದರು ಬೀದಿ:
ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಕಟ್ಟಿಸಿದ ಲಿಬರ್ಟಿ ಸರಕು ಹಡಗುಗಳ ಬಗ್ಗೆ ಚರ್ಚೆ ಆಗಲಿ ಅಂತ ಇದನ್ನು ಶುರು ಮಾಡುತ್ತಿದ್ದೇನೆ. 1941ರಿಂದ 1945ರೊಳಗೆ ಹಡಗು ಕಟ್ಟುವ 18 ಯಾರ್ಡ್‌ಗಳಲ್ಲಿ 2,710 ಹಡಗುಗಳು ಕಟ್ಟಿ ಮುಗಿದವು. ಒಂದೊಂದೂ 441 ಅಡಿ ಉದ್ದ, ಹತ್ತು ಸಾವಿರ ಟನ್ ಹೊರುವಂಥದ್ದು. ಬಾಲ್ಟಿಮೋರ್‌ನಲ್ಲಿ ಕಟ್ಟಿದ ಮೊದಲನೆಯದು, ಪ್ಯಾಟ್ರಿಕ್ ಹೆನ್ರಿ, 244 ದಿನ ತೆಗೆದುಕೊಂಡಿತು. 1942ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಉದ್ಯಮಿ ಹೆನ್ರಿ ಕೈಸರ್ ಅವರ ಯಾರ್ಡ್ ರಾಬರ್ಟ್ ಇ. ಪಿಯರಿ ಅನ್ನೋ ಹಡಗನ್ನು 4 ದಿನ 15 ಗಂಟೆಯಲ್ಲಿ ನೀರಿಗೆ ಇಳಿಸಿತು. ಜರ್ಮನ್ ಸಬ್‌ಮರೀನ್‌ಗಳು ಮುಳುಗಿಸುವುದಕ್ಕಿಂತ ವೇಗವಾಗಿ ಹಡಗು ಕಟ್ಟಿದ್ದು ಅಟ್ಲಾಂಟಿಕ್ ಸಾಗಣೆ ದಾರಿ ಉಳಿಯಲು ಒಂದು ದೊಡ್ಡ ಕಾರಣ. ಸರ್ಕಾರ ಒಂದೇ ನಕ್ಷೆ ಹಿಡಿದು, ದುಡ್ಡು ಹಾಕಿ, ಹಿಂದೆ ನಿಂತರೆ ಏನು ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಅನುಮಾನ:
ಪಿಯರಿ ಒಂದು ಪ್ರದರ್ಶನ, ಸರ್. ಭಾಗಗಳನ್ನೆಲ್ಲ ಮೊದಲೇ ಮಾಡಿಟ್ಟುಕೊಂಡು, ಆಮೇಲೆ ಗಡಿಯಾರ ಶುರು ಮಾಡಿದರು. ಸರಾಸರಿ ಸುಮಾರು 42 ದಿನ. ಅದೂ ದೊಡ್ಡದೇ, ಒಪ್ಪುತ್ತೇನೆ. ಆದರೆ ಆ ಅವಸರದ ಬೆಲೆ ಏನು? 1943ರ ಜನವರಿ 16ರ ರಾತ್ರಿ ಪೋರ್ಟ್‌ಲ್ಯಾಂಡ್‌ನಲ್ಲಿ ಸ್ಕೆನೆಕ್ಟಡಿ ಅನ್ನೋ ಹೊಸ ಟ್ಯಾಂಕರ್, ನಿಂತ ನೀರಿನಲ್ಲಿ, ಕಟ್ಟೆಗೆ ಕಟ್ಟಿದ್ದ ಹಾಗೇ ಎರಡಾಗಿ ಮುರಿಯಿತು. ಅದೂ ಕೈಸರ್ ಯಾರ್ಡಿನದೇ. ಅದೇ ವರ್ಷ ನವೆಂಬರ್‌ನಲ್ಲಿ ಜಾನ್ ಪಿ. ಗೇನ್ಸ್ ಅನ್ನೋ ಲಿಬರ್ಟಿ ಅಲಾಸ್ಕದ ಹತ್ತಿರ ಮುರಿದು 10 ಜನ ಸತ್ತರು. ನಿನ್ನೆ ಮೊನ್ನೆ ವೆಲ್ಡಿಂಗ್ ಕಲಿತವರ ಕೈಗೆ ಹಡಗು ಕೊಟ್ಟರೆ ಹೀಗೇ ಆಗೋದು.

ಉಕ್ಕು:
ಕೆಲಸಗಾರರ ಮೇಲೆ ಹಾಕಬೇಡಿ. ನಾನು ವೆಲ್ಡಿಂಗ್ ತಪಾಸಣೆ ಮಾಡುವವನು. ಈ ಪ್ರಕರಣ ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಓದಲೇಬೇಕಾದದ್ದು. ಆಗಲೂ ಮೊದಲು ಬೈದದ್ದು ವೆಲ್ಡರ್‌ಗಳನ್ನೇ. ಕೆಲವು ಕಡೆ ಕೆಟ್ಟ ವೆಲ್ಡಿಂಗ್ ಇತ್ತು, ನಿಜ. ಆದರೆ ಮೂಲ ಕಾರಣ ಬೇರೆ. ಕೇಂಬ್ರಿಡ್ಜ್‌ನಲ್ಲಿ ಕಾನ್‌ಸ್ಟನ್ಸ್ ಟಿಪ್ಪರ್ ಅನ್ನೋ ಮಹಿಳಾ ವಿಜ್ಞಾನಿ ಉಕ್ಕನ್ನೇ ಪರೀಕ್ಷೆ ಮಾಡಿದರು. ಆ ಕಾಲದ ಹಡಗಿನ ಉಕ್ಕು ಬೆಚ್ಚಗಿದ್ದಾಗ ಬಾಗುತ್ತದೆ, ಒಂದು ಮಟ್ಟಕ್ಕಿಂತ ತಣ್ಣಗಾದರೆ ಬಾಗದೆ ಗಾಜಿನ ಹಾಗೆ ಸೀಳುತ್ತದೆ ಅಂತ ತೋರಿಸಿದರು. ಉತ್ತರ ಅಟ್ಲಾಂಟಿಕ್, ಅಲಾಸ್ಕದ ನೀರು ಆ ಮಟ್ಟಕ್ಕಿಂತ ಕೆಳಗೇ ಇರುತ್ತಿತ್ತು.

ಹಾಗಾದರೆ ತಗಡುಗಳನ್ನು ವೆಲ್ಡ್ ಮಾಡದೆ ರಿವೆಟ್ ಮೊಳೆ ಹೊಡೆದು ಜೋಡಿಸಿದ ಹಳೇ ಹಡಗುಗಳು ಯಾಕೆ ಹೀಗೆ ಎರಡಾಗಲಿಲ್ಲ? ಅವುಗಳಲ್ಲೂ ಬಿರುಕು ಬರುತ್ತಿತ್ತು. ಆದರೆ ಒಂದು ತಗಡಿನ ಅಂಚಿಗೆ ಬಂದು ನಿಂತುಹೋಗುತ್ತಿತ್ತು. ವೆಲ್ಡ್ ಮಾಡಿದ ಹಡಗಿನಲ್ಲಿ ಇಡೀ ಒಡಲು ಒಂದೇ ಲೋಹ. ಬಿರುಕು ಓಡಿದರೆ ತಡೆಯೋರಿಲ್ಲ. ಅದರ ಮೇಲೆ ಸರಕು ಇಳಿಸೋ ಹ್ಯಾಚ್‌ಗಳಿಗೆ, ಅಂದರೆ ಡೆಕ್ಕಿನ ಬಾಯಿಗಳಿಗೆ, ಚೌಕ ಮೂಲೆ ಇಟ್ಟಿದ್ದರು. ಒತ್ತಡ ಎಲ್ಲ ಆ ಮೂಲೆಗೇ ಬಂದು ಸೇರುತ್ತಿತ್ತು. ಕಾರಣ ತಿಳಿಯುತ್ತಾ ಹೋದಂತೆ ಮೂಲೆ ದುಂಡಗೆ ಮಾಡಿದರು, ಬಿರುಕು ತಡೆಯಲು ಅಲ್ಲಲ್ಲಿ ರಿವೆಟ್ ಪಟ್ಟಿ ಹಾಕಿದರು. 1944ರಲ್ಲಿ ಲಿಬರ್ಟಿ ನಂತರದ ಮಾದರಿಯಾಗಿ ಬಂದ ವಿಕ್ಟರಿ ಹಡಗುಗಳಲ್ಲಿ ಅಡ್ಡ ಪಕ್ಕೆಗಳ ನಡುವಿನ ಅಂತರ 30 ಇಂಚಿನಿಂದ 36ಕ್ಕೆ ಹೋಯಿತು, ಒಡಲು ಸ್ವಲ್ಪ ಬಳುಕಲಿ ಅಂತ. ಇವತ್ತು ಹಲವು ದರ್ಜೆಯ ಹಡಗಿನ ಉಕ್ಕನ್ನು ತಣ್ಣಗೆ ಮಾಡಿ ಹೊಡೆದು ನೋಡದೆ ಒಪ್ಪಿಕೊಳ್ಳುವುದಿಲ್ಲ ಅಂದರೆ ಅದರ ಹಿಂದೆ ಈ ಹಡಗುಗಳಿವೆ.

ಒಂದು ಅನುಮಾನ:
ವಿವರ ಚೆನ್ನಾಗಿದೆ. ಆದರೆ ಗೊತ್ತಿಲ್ಲದ ಉಕ್ಕಿನ ಮೇಲೆ ಸಾವಿರಾರು ಹಡಗು ಕಟ್ಟಿದ್ದು ಅವಸರವೇ ಅಲ್ವಾ?

ಉಕ್ಕು:
ಅವಸರವೇ. ಆಗ ಕಾಯೋಕೆ ಸಮಯ ಎಲ್ಲಿತ್ತು?

ನಿವೃತ್ತ ನಾವಿಕ:
ನಾನು ಎಂಜಿನ್ ರೂಮಿನಲ್ಲಿ ದುಡಿದವನು, ಅದಕ್ಕೇ ಒಂದು ಮಾತು. ಲಿಬರ್ಟಿಯ ಎಂಜಿನ್ ಹಳೇ ಕಾಲದ ಉಗಿ ಎಂಜಿನ್, 2,500 ಕುದುರೆ ಶಕ್ತಿ, ವೇಗ 11 ನಾಟ್, ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ಟರ್ಬೈನು, ಗೇರು ಎಲ್ಲ ಯುದ್ಧನೌಕೆಗಳಿಗೆ ಬೇಕಿತ್ತು. ಆದ್ದರಿಂದ ಬ್ರಿಟನ್ನಿನ ಸಂಡರ್‌ಲ್ಯಾಂಡ್‌ನಿಂದ ಬಂದ ಹಳೇ ನಕ್ಷೆಯನ್ನೇ ತಿದ್ದಿಕೊಂಡರು. ಹೊಸ ಹುಡುಗರೂ ಬೇಗ ಕಲಿತು ನಡೆಸಬಹುದಾದ ಎಂಜಿನ್ ಅದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಜೆರೆಮಯ ಓಬ್ರಿಯನ್ ಅನ್ನೋ ಲಿಬರ್ಟಿ 1994ರಲ್ಲಿ, ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದ 50 ವರ್ಷದ ಮೇಲೆ, ತನ್ನದೇ ಎಂಜಿನ್‌ನಲ್ಲಿ ಅಲ್ಲಿಗೆ ಹೋಗಿ ಬಂತು. ಸುಮ್ನೆ ಕೆಟ್ಟ ಹಡಗು ಅನ್ನಬೇಡಿ.

ಸೈನಿಕರ ವಿಷಯ ಯಾರೂ ಎತ್ತಲಿಲ್ಲ. ಸುಮಾರು ಇನ್ನೂರು ಲಿಬರ್ಟಿಗಳನ್ನು ಸೈನಿಕರಿಗಾಗಿ ಬದಲಾಯಿಸಿ, ಒಂದೊಂದರಲ್ಲಿ 550 ಜನರನ್ನು ಸಾಗಿಸಿದರು. ಆದರೆ ಅವು ಬಹಳ ನಿಧಾನ. ಆಮೇಲೆ ವಿಕ್ಟರಿ ಒಡಲಿನ ಮೇಲೆ, ಸೈನಿಕರನ್ನು ಶತ್ರು ತೀರಕ್ಕೆ ಇಳಿಸುವ 117 ದಾಳಿ ಸಾಗಣೆ ಹಡಗು ಕಟ್ಟಿದರು. ರಿಚ್ಮಂಡ್‌ನಲ್ಲೇ ಜನರಲ್‌ಗಳ ಹೆಸರಿನ 30 ದೊಡ್ಡ ಸೈನಿಕ ಹಡಗುಗಳೂ ಆದವು. ಜನರಲ್ ಹೆಸರಿನ ಇಂಥ ಹಡಗುಗಳು ಮುಂಬೈ, ಕಲ್ಕತ್ತೆಗೂ ಬಂದಿವೆ.

ಹಳೇ ಕಡತ:
ನನ್ನ ಪ್ರಶ್ನೆ ಬೇರೆ. ಇಷ್ಟೊಂದು ಹಡಗು ಕಟ್ಟಿದಿರಲ್ಲ, ಬಂಗಾಳಕ್ಕೆ ಅಕ್ಕಿ, ಗೋಧಿ ತರೋಕೆ ಯಾಕೆ ಹಡಗು ಸಿಗಲಿಲ್ಲ?

1943ರ ಆರಂಭದಲ್ಲಿ ಚರ್ಚಿಲ್ ಹಿಂದೂ ಮಹಾಸಾಗರಕ್ಕೆ ಬರುವ ಹಡಗುಗಳನ್ನು ಅರ್ಧಕ್ಕಿಂತ ಜಾಸ್ತಿ ಕಡಿತ ಮಾಡಿದರು. ಬ್ರಿಟನ್ನಿನ ಆಮದು ಉಳಿಸಲು. ಅದೇ ವರ್ಷ ಬಂಗಾಳದಲ್ಲಿ ಬರಗಾಲ. ಸತ್ತವರು ಮೂವತ್ತು ಲಕ್ಷದವರೆಗೆ ಅನ್ನೋ ಅಂದಾಜಿದೆ. ಕೆನಡ ಒಂದು ಲಕ್ಷ ಟನ್ ಗೋಧಿ ಕೊಡುತ್ತೇನೆ ಅಂದರೂ ಹಡಗಿಲ್ಲ ಅಂದರು. ಆದರೆ 1943ರಲ್ಲಿ ಮಿತ್ರರಾಷ್ಟ್ರಗಳು ಕಟ್ಟಿದ ಹಡಗು ಮುಳುಗಿದ್ದಕ್ಕಿಂತ ಬಹಳ ಜಾಸ್ತಿ! 1944ರ ಏಪ್ರಿಲ್ ಕೊನೆಗೆ ಚರ್ಚಿಲ್ ಕೊನೆಗೂ ಅಮೆರಿಕ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಪತ್ರ ಬರೆದು, ಆಸ್ಟ್ರೇಲಿಯದ ಗೋಧಿ ತರಲು ಹಡಗು ಕೇಳಿದರು. ರೂಸ್‌ವೆಲ್ಟ್ ಆಗಲ್ಲ ಅಂದರು. ಎಷ್ಟು ದಿನದಲ್ಲಿ ಕಟ್ಟಿದರು ಅನ್ನೋದನ್ನೇ ಮಾತಾಡುತ್ತೇವೆ. ಯಾರಿಗೆ ಕಳಿಸಿದರು ಅನ್ನೋದನ್ನು ಕೇಳಲ್ಲ.

ಬಂದರು ಬೀದಿ:
ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದು ಹಡಗು ಹಂಚಿದವರ ತಪ್ಪು, ಕಟ್ಟಿದವರದ್ದಲ್ಲ. ರಿಚ್ಮಂಡ್‌ನ ಹೆಣ್ಣುಮಕ್ಕಳಿಗೆ, ಕರಿಯ ಕೆಲಸಗಾರರಿಗೆ ಈ ನಿರ್ಧಾರಗಳಲ್ಲಿ ಯಾವ ಮಾತೂ ಇರಲಿಲ್ಲ. ಕರಿಯರನ್ನಂತೂ ಯಾರ್ಡಿನ ಯೂನಿಯನ್ ಆಗಿದ್ದ ಬಾಯ್ಲರ್ ಕೆಲಸಗಾರರ ಸಂಘ ಬೇರೆ ಶಾಖೆಯಲ್ಲಿ ಕೂರಿಸಿತ್ತು. 1944ರ ಕೊನೆಗೆ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹಾಗೆ ಮಾಡುವಂತಿಲ್ಲ ಅಂದಿತು.

ಇನ್ನೊಂದು: ಚರ್ಚಿಲ್ ಆ ಪತ್ರ ಬರೆಯೋ ಹೊತ್ತಿಗೆ ಮುಂಬೈ ಸ್ಫೋಟವೂ ಆಗಿತ್ತು. 1944ರ ಏಪ್ರಿಲ್ 14ರಂದು ವಿಕ್ಟೋರಿಯ ಡಾಕ್‌ನಲ್ಲಿ ಸಿಡಿದ ಫೋರ್ಟ್ ಸ್ಟಿಕೀನ್ ಕೂಡ ಯುದ್ಧಕಾಲದ ಯೋಜನೆಯ ಹಡಗೇ. 1942ರಲ್ಲಿ ಕೆನಡದಲ್ಲಿ ಕಟ್ಟಿದ್ದು. ಹತ್ತಿ ಮತ್ತು 1,400 ಟನ್‌ನಷ್ಟು ಸ್ಫೋಟಕ ಒಟ್ಟಿಗೆ ತುಂಬಿದ್ದರು. ನೂರಾರು ಜನ ಸತ್ತರು, ಸಾವಿರಾರು ಟನ್ ಧಾನ್ಯ ಸುಟ್ಟುಹೋಯಿತು. ಅಗ್ನಿಶಾಮಕ ದಳದ 66 ಜನ ಹೋದರು. ಇವತ್ತಿಗೂ ನಮ್ಮಲ್ಲಿ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಮಾಡೋದು ಅವರ ನೆನಪಿಗೆ.

ಒಂದು ಅನುಮಾನ:
ಸರ್ಕಾರ ಹಿಂದೆ ನಿಂತರೆ ಆಗುತ್ತೆ ಅನ್ನೋ ಮಾತಿಗೆ ಇನ್ನೊಂದು. ಮೊದಲ ಮಹಾಯುದ್ಧದಲ್ಲೂ ಇದೇ ಅಮೆರಿಕ ಸರ್ಕಾರ ಫಿಲಡೆಲ್ಫಿಯಾದ ಹಾಗ್ ಐಲ್ಯಾಂಡ್‌ನಲ್ಲಿ 50 ಹಡಗುಗಳನ್ನು ಒಟ್ಟಿಗೆ ಕಟ್ಟೋ ಯಾರ್ಡ್ ಮಾಡಿತು. 122 ಹಡಗು ಆದವು, ಅದರಲ್ಲಿ 12 ಸೈನಿಕರಿಗೆ. ಮೊದಲನೆಯದು ಕೈಗೆ ಬಂದದ್ದು 1918ರ ಡಿಸೆಂಬರ್‌ನಲ್ಲಿ. ಯುದ್ಧ ನವೆಂಬರ್‌ನಲ್ಲೇ ಮುಗಿದಿತ್ತು.

ಮಲೆನಾಡಿನವ:
ನಮ್ಮಲ್ಲಿ ಆಗಲೇ ಒಂದು ಯಾರ್ಡ್ ಇದ್ದಿದ್ದರೆ? ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ವಿಶಾಖಪಟ್ಟಣದಲ್ಲಿ ಹಡಗಿನ ಯಾರ್ಡ್‌ಗೆ 1941ರ ಜೂನ್‌ನಲ್ಲೇ ಅಡಿಗಲ್ಲು ಬಿತ್ತು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ, 1942ರಲ್ಲಿ ಜಪಾನ್ ಬಾಂಬ್ ಹಾಕಿತು. ಮೊದಲ ಹಡಗು ಜಲ ಉಷಾ ನೀರಿಗೆ ಇಳಿದದ್ದು 1948ರ ಮಾರ್ಚ್‌ನಲ್ಲಿ. ಯುದ್ಧಕಾಲದಲ್ಲಿ ನಾಲ್ಕೈದು ಇಳಿದಿದ್ದರೂ ಬಂಗಾಳಕ್ಕೆ ಅನ್ನ ಹೋಗುತ್ತಿತ್ತು.

ಹಳೇ ಕಡತ:
ಹೋಗುತ್ತಿರಲಿಲ್ಲ. ಅವನ್ನೂ ಸರ್ಕಾರ ವಶಕ್ಕೆ ತಗೊಳ್ಳುತ್ತಿತ್ತು. ವಾಲ್‌ಚಂದ್ ಅವರ ಸಿಂಧಿಯಾ ಕಂಪನಿಗೆ ಹಜ್ ಯಾತ್ರಿಕರ ಎರಡು ಹಡಗುಗಳಿದ್ದವು, ಎಲ್ ಮದೀನಾ ಮತ್ತು ಎಲ್ ಹಿಂದ್. ಎರಡೂ ಯುದ್ಧದ ಕೆಲಸಕ್ಕೆ ಹೋದವು. ಸೈನಿಕರನ್ನು ತುಂಬಿಕೊಂಡಿದ್ದ ಎಲ್ ಮದೀನಾವನ್ನು 1944ರ ಮಾರ್ಚ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಜಪಾನಿನ ಸಬ್‌ಮರೀನ್ ಮುಳುಗಿಸಿತು. ಎಲ್ ಹಿಂದ್ ಮುಂಬೈ ಸ್ಫೋಟದಲ್ಲಿ ಸುಟ್ಟುಹೋಯಿತು. ಯಾರ್ಡ್ ನಮ್ಮದಾದರೆ ಸಾಲದು, ಹಡಗು ಎಲ್ಲಿಗೆ ಹೋಗಬೇಕು ಅನ್ನೋ ಅಧಿಕಾರವೂ ನಮ್ಮದೇ ಆಗಿರಬೇಕಿತ್ತು. 1943ರಲ್ಲಿ ಅದು ಇರಲಿಲ್ಲ.