ಪ್ಯಾರಿಸ್ಸಿನ ಹೆರಾಲ್ಡ್ ಟ್ರಿಬ್ಯೂನ್: ತಾರೀಖು ಹರಿದಿದ್ದರೆ ವರ್ಷ ಹಿಡಿಯೋದು ಹೇಗೆ?

ರಾಯಚೂರು ಓದುಗ:
ಇಲ್ಲಿನ ಕಾಲೇಜು ಲೈಬ್ರರಿಯಲ್ಲಿ ಪ್ಯಾರಿಸ್ಸಿನ ಇಂಗ್ಲಿಷ್ ಪೇಪರಿನ ಒಂದು ಕಟ್ಟು ಇದೆ. ಕೆಲವದರ ಮೇಲೆ ‘ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್’, ಕೆಲವದರ ಮೇಲೆ ‘ಇಂಟರ್‌ನ್ಯಾಷನಲ್ ಹೆರಾಲ್ಡ್ ಟ್ರಿಬ್ಯೂನ್’. ತಾರೀಖಿನ ಮೂಲೆ ಹರಿದಿದೆ. ಎರಡೂ ಒಂದೇನಾ? ರಿಜಿಸ್ಟರಿಗೆ ಹೇಗೆ ಏರಿಸೋದು?

ಹಳೇ ಕಾಗದ:
ಒಂದೇ ರೀ, ಹೆಸರು ಮಾತ್ರ ಬದಲಾಗ್ತಾ ಬಂದಿದೆ. ಜೇಮ್ಸ್ ಗಾರ್ಡನ್ ಬೆನೆಟ್ ಜೂನಿಯರ್ 1887ರ ಅಕ್ಟೋಬರ್ 4ಕ್ಕೆ ನ್ಯೂಯಾರ್ಕ್ ಹೆರಾಲ್ಡಿನ ಯುರೋಪ್ ಆವೃತ್ತಿಯಾಗಿ ಶುರು ಮಾಡಿದ. 1924ರಲ್ಲಿ ಹೆರಾಲ್ಡನ್ನು ನ್ಯೂಯಾರ್ಕಿನದೇ ಇನ್ನೊಂದು ಪತ್ರಿಕೆ ಟ್ರಿಬ್ಯೂನ್ ಕೊಂಡುಕೊಂಡಿತು, ಎರಡೂ ಸೇರಿ ‘ಹೆರಾಲ್ಡ್ ಟ್ರಿಬ್ಯೂನ್’ ಆಯಿತು. 1966ರಲ್ಲಿ ನ್ಯೂಯಾರ್ಕಿನ ಮೂಲ ಪತ್ರಿಕೆಯೇ ಮುಚ್ಚಿತು, ಪ್ಯಾರಿಸ್ಸಿನದು ಉಳಿಯಿತು. 1967ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪಾಲುದಾರನಾಗಿ ಸೇರಿದ ಮೇಲೆ ‘ಇಂಟರ್‌ನ್ಯಾಷನಲ್’ ಆಯಿತು. 2013ರಲ್ಲಿ ಆ ಹೆಸರೂ ಹೋಯಿತು.

ಹೆಸರು ಬದಲಾದಲ್ಲೆಲ್ಲ ಬೇರೆ ನಮೂದು ಮಾಡಿ, ‘ಹಿಂದಿನ ಹೆಸರು’, ‘ಮುಂದಿನ ಹೆಸರು’ ಅಂತ ಒಂದಕ್ಕೊಂದು ಜೋಡಿಸಿ. ಜರ್ಮನ್ನರು ಪ್ಯಾರಿಸ್ ಹಿಡಿದ 1940ರ ಜೂನ್‌ನಿಂದ 1944ರ ಡಿಸೆಂಬರ್‌ವರೆಗೆ ಪೇಪರು ಅಚ್ಚಾಗಲೇ ಇಲ್ಲ. ಆ ವರ್ಷಗಳ ಸಂಚಿಕೆಗಳು ‘ಕಳೆದುಹೋಗಿವೆ’ ಅಂತ ಬರೀಬ್ಯಾಡ್ರಿ.

ಕೊಪ್ಪಳದವ:
ತಾರೀಖಿಲ್ಲದಿದ್ದರೆ ಮೊದಲು ಬೆಲೆ ನೋಡ್ರಿ. ಫ್ರಾನ್ಸಿನ ಬೆಲೆ ಬರೀ ಯೂರೋದಲ್ಲಿದ್ದರೆ 2002ರದು ಅಥವಾ ಅದರ ನಂತರದ್ದು. ಹೆಸರಿನ ಕೆಳಗೆ ನ್ಯೂಯಾರ್ಕ್ ಟೈಮ್ಸ್ ಜೊತೆ ವಾಷಿಂಗ್ಟನ್ ಪೋಸ್ಟ್ ಕೂಡ ಇದ್ದರೆ 1967ರಿಂದ 2002ರ ನಡುವಿನದು. ಆಮೇಲೆ ಪೋಸ್ಟ್ ತನ್ನ ಪಾಲು ಮಾರಿತು. ಹೆಸರಿನ ನಡುವೆ ಗಡಿಯಾರವಿರುವ ಪುಟ್ಟ ಚಿತ್ರ ಇದೆಯಾ? ಅದರ ಮುಳ್ಳು ಯಾವಾಗಲೂ 6 ಗಂಟೆ 12 ನಿಮಿಷಕ್ಕೇ ನಿಂತಿರುತ್ತದೆ. 2008ರಲ್ಲಿ ಅದನ್ನು ತೆಗೆದರು.

ಕಟ್ಟಿನಲ್ಲಿ 1918ಕ್ಕಿಂತ ಹಳೆಯದು ಸಿಕ್ಕರೆ ಓದುಗರ ಪತ್ರಗಳನ್ನು ಬಿಡಬ್ಯಾಡ್ರಿ. ಸೆಂಟಿಗ್ರೇಡನ್ನು ಫ್ಯಾರನ್‌ಹೀಟಿಗೆ ತಿರುಗಿಸೋದು ಹೇಗೆ ಅಂತ ಫಿಲಡೆಲ್ಫಿಯಾದ ಒಬ್ಬ ಮುದುಕಿ ಕೇಳಿದ್ದ ಪತ್ರವನ್ನು 1899ರ ಕೊನೆಯಿಂದ 1918ರಲ್ಲಿ ಬೆನೆಟ್ ಸಾಯುವ ತನಕ ದಿನಾ ಅಚ್ಚು ಹಾಕಿದರು! (9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸ್ರಿ. ನಮ್ಮ ಮೇ ತಿಂಗಳ 45 ಡಿಗ್ರಿ ಅಂದರೆ 113.)

ರಾಯಚೂರು ಓದುಗ:
ಒಂದರ ಮೇಲೆ ಗಡಿಯಾರ ಇದೆ, ಟೈಮ್ಸ್, ಪೋಸ್ಟ್ ಎರಡರ ಹೆಸರೂ ಇವೆ, ಬೆಲೆ ಫ್ರಾಂಕಿನಲ್ಲಿದೆ. ಹರಿದಲ್ಲಿ ಟೇಪ್ ಅಂಟಿಸಲಾ?

ಹಳೇ ಕಾಗದ:
ಹಂಗಾದರೆ ‘1967–2002’ ಅಂತ ಪೆನ್ಸಿಲಲ್ಲಿ ಬರೀರಿ, ಒಳಪುಟದ ಸುದ್ದಿ ನೋಡಿ ವರ್ಷ ಬಿಗಿ ಮಾಡಬಹುದು. ಟೇಪ್ ಬೇಡವೇ ಬೇಡ. ಅದರ ಗೋಂದು ಕಾಗದಕ್ಕಿಳಿದು ಕಂದು ಕಲೆಯಾಗುತ್ತದೆ, ತೆಗೆಯೋಕೆ ಹೋದರೆ ಅಕ್ಷರವೇ ಕಿತ್ತು ಬರುತ್ತದೆ. ಜಪಾನಿ ಟಿಶ್ಯೂ ಅನ್ನೋ ತೆಳು, ಗಟ್ಟಿ ನಾರಿನ ಕಾಗದ, ಗೋಧಿ ಗಂಜಿಯ ಅಂಟು ಸಾಕು. ಮಡಿಕೆ ಬಿಡಿಸಿ ಚಪ್ಪಟೆಯಾಗಿ ಇಡಿ, ಕಿಟಕಿಯಿಂದ ದೂರ. ನ್ಯೂಸ್‌ಪ್ರಿಂಟಿನಲ್ಲಿ ಉಳಿದಿರುವ ಮರದ ಅಂಶ ಲಿಗ್ನಿನ್ ಬಿಸಿಲು ಕಂಡರೆ ಹಳದಿ ತಿರುಗಿ ಕಾಗದ ಹಪ್ಪಳದಂತೆ ಮುರೀತದೆ.